ಕೈಪಿಡಿಯ ಗಂಡ

ಒಳಕೋಣೆಯಲ್ಲಿ ಹೆಂಡತಿ ನಕ್ಕದ್ದು ಕೇಳಿ ಇವನ ಕೆನ್ನೆಯ ಮೇಲಿದ್ದ ಬ್ಲೇಡು ಅಲ್ಲೇ ನಿಂತಿತು. ಶನಿವಾರದ ಬೆಳಿಗ್ಗೆ. ಮಕ್ಕಳು ಮರಿ ಇಲ್ಲದ ಮನೆ, ಇರುವುದು ಇಬ್ಬರೇ. ಆ ಕೋಣೆಯಲ್ಲಿ ಅವಳ ಜೊತೆ ಇನ್ನಾರೂ ಇಲ್ಲವೆಂಬುದು ಇವನಿಗೆ ಚೆನ್ನಾಗಿ ಗೊತ್ತು. ಇದ್ದದ್ದು ಒಂದು ಕಂಪ್ಯೂಟರು, ಅದರ ಪಕ್ಕದಲ್ಲಿ ಬೋರಲು ಹಾಕಿದ ಆ ಕೈಪಿಡಿ. ಆದರೂ ಅದು ಒಬ್ಬಳೇ ಕೂತವಳ ನಗುವಾಗಿರಲಿಲ್ಲ. ಎದುರಿಗಿದ್ದವರು ಏನೋ ಹೇಳಿ ಕೆಣಕಿದಾಗ, ಸಾಕು ಸುಮ್ಮನಿರಿ ಎನ್ನುತ್ತ ನಗುತ್ತಾರಲ್ಲ, ಆ ಜಾತಿಯದು.

"ಏನಾಯ್ತೇ?" ಎಂದು ನೊರೆಯ ಬಾಯಲ್ಲೇ ಕೂಗಿದ.

"ಏನಿಲ್ಲ ರೀ. ಪುಸ್ತಕದವನು ಹಲ್ಲಿನ ಡಾಕ್ಟರಿಗೆ ಕೊಟ್ಟ ದುಡ್ಡನ್ನ ಹೋಟೆಲ್ ಊಟದ ಲೆಕ್ಕಕ್ಕೆ ಬರ್ದುಬಿಟ್ಟಿದಾನೆ. ಹೆಂಡ್ತಿ ಕೇಳಿದ್ರೆ, ಎರಡೂ ಬಾಯಿಗೇ ಹೋಗಿದ್ದಲ್ವಾ ಅಂತಾನೆ!"

ಇವನು ನಗಲಿಲ್ಲ. ಕನ್ನಡಿಯಲ್ಲಿ ಅರ್ಧ ಬೋಳಿಸಿದ ಮೋರೆ, ಗಲ್ಲದ ಮೇಲೆ ಸಾಸಿವೆಯಷ್ಟು ರಕ್ತ. ತಾನೂ ಇಂಥ ಮಾತು ಆಡಬಲ್ಲೆ, ಆಡಿದ್ದೂ ಉಂಟು, ಮದುವೆಯ ಹೊಸದರಲ್ಲಿ ತನ್ನ ಮಾತಿಗೂ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕದ್ದುಂಟು ಎಂದುಕೊಂಡ. ಆದರೆ ಯಾವ ಮಾತಿಗೆ? ಎಷ್ಟು ತಡಕಿದರೂ ಸಿಗಲಿಲ್ಲ. ತಾನು ಆಡಿದ ಒಂದೇ ಒಂದು ತಮಾಷೆಯೂ ತನಗೆ ನೆನಪಿಲ್ಲ, ಆ ಇನ್ನೊಬ್ಬನ ತಮಾಷೆಗಳೆಲ್ಲ ಮಾತ್ರ ಬಾಯಿಪಾಠವಾಗಿವೆ. ಗಲ್ಲಕ್ಕೆ ಪೇಪರಿನ ಚೂರು ಅಂಟಿಸಿಕೊಂಡು ಉಳಿದರ್ಧವನ್ನು ಬೋಳಿಸಿದ.

ಪುಸ್ತಕದವನು! ಮನೆಯ ಜಮಾಖರ್ಚನ್ನು ಕಂಪ್ಯೂಟರಿನಲ್ಲಿ ಇಡುವುದು ಹೇಗೆಂದು ಕಲಿಸುವ ಆ ದಪ್ಪ ಕೈಪಿಡಿಯನ್ನು ಬರೆದ ಪುಣ್ಯಾತ್ಮ, ಒಣ ಪಾಠ ಯಾರು ಓದುತ್ತಾರೆಂದು, ಅದರೊಳಗೆ ಒಂದು ಸಂಸಾರವನ್ನೇ ಕಟ್ಟಿ ಕೂರಿಸಿದ್ದ. ಹೆಸರಿಲ್ಲ. ಗಂಡ, ಹೆಂಡತಿ, ಅಷ್ಟೆ. ಆ ಗಂಡನೇ ಪುಸ್ತಕದವನು, ಅವನಿಗೆ ನಕ್ಷೆ ಬರೆಯುವ ಕಚೇರಿಯಲ್ಲಿ ಕೆಲಸ. ಹೆಂಡತಿ ಮನೆಯಲ್ಲೇ ಕೂತು ಪಿಂಗಾಣಿ ಬಟ್ಟಲುಗಳ ಮೇಲೆ ಚಿತ್ರ ಬಿಡಿಸಿ ಮಾರುತ್ತಾಳೆ. ಅವರ ಸಂಬಳ, ಹಲ್ಲುನೋವು, ಹರಕು ಸೋಫಾ, ಸೈಕಲ್ ರಿಪೇರಿ ಎಲ್ಲವನ್ನೂ ಅಭ್ಯಾಸದ ಫೈಲಿನಲ್ಲಿ ಮೊದಲೇ ತುಂಬಿಟ್ಟಿದೆ. ಕಲಿಯುವವರು ಮೊದಲು ಅವರ ಮನೆಯ ಲೆಕ್ಕ ಸರಿಮಾಡಿ, ಕೈ ಪಳಗಿದ ಮೇಲೆ ತಮ್ಮ ಮನೆಯದಕ್ಕೆ ಕೈ ಹಾಕಬೇಕು. ಇವನ ಹೆಂಡತಿ ತಮ್ಮ ಮನೆಯ ಲೆಕ್ಕವನ್ನು ಎಂದೋ ಸರಿಮಾಡಿ ಮುಗಿಸಿದ್ದಳು. ಆದರೂ ಅವರನ್ನು ಬಿಡಲಿಲ್ಲ. ದಿನಾ ಲ್ಯಾಬಿನಿಂದ ಬಂದವಳು ಕೈಕಾಲು ತೊಳೆದು ಸೀದಾ ಅವರ ಮನೆಗೆ ಹೋಗಿಬಿಡುವಳು.

ಇದೆಲ್ಲ ಶುರುವಾದದ್ದು ನೀರಿನಿಂದ. ಅಲ್ಲಿಯವರೆಗೆ ಮನೆಯ ದುಡ್ಡುಕಾಸಿನಲ್ಲಿ ಇವನದೇ ದರ್ಬಾರು. ಬರೆದಿಡುವ ಪದ್ಧತಿಯಿಲ್ಲ, ಎಲ್ಲ ತಲೆಯಲ್ಲೇ ಇದೆ ಎಂದು ಹಣೆ ತಟ್ಟಿ ತೋರಿಸುವವನು. ಹಾಗೆ ತಲೆಯಲ್ಲಿಟ್ಟುಕೊಂಡೇ ಒಂದು ತಿಂಗಳು ಕರೆಂಟಿನ ಬಿಲ್ಲನ್ನು ಎರಡು ಸಲ ಕಟ್ಟಿ ನೀರಿನದನ್ನು ಮರೆತುಬಿಟ್ಟ. ಒಂದು ಬೆಳಿಗ್ಗೆ ಮೈತುಂಬ ಸೋಪು ಬಳಿದುಕೊಂಡು ನಿಂತಾಗ ನಲ್ಲಿ ಗೊರಗೊರ ಎಂದು ಸುಮ್ಮನಾಯಿತು. ಟವೆಲು ಸುತ್ತಿಕೊಂಡು ಎದುರುಮನೆಯ ಬಾಗಿಲು ಬಡಿದದ್ದು, ಅವರ ಮನೆಯವರೆಲ್ಲ ತಿಂಡಿ ತಿನ್ನುವುದನ್ನು ಬಿಟ್ಟು ದಾರಿ ಮಾಡಿಕೊಟ್ಟದ್ದು, ಅವರ ಒಳಬಟ್ಟೆಗಳು ಒಣಗುತ್ತಿದ್ದ ಹಗ್ಗದ ಕೆಳಗೆ ತಲೆ ತಗ್ಗಿಸಿ ಮೈ ತೊಳೆದುಕೊಂಡದ್ದು, ಈಗಲೂ ನೆನೆದರೆ ಕಿವಿ ಬಿಸಿಯಾಗುತ್ತದೆ. ಹೆಂಡತಿ ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು. "ಇನ್ಮೇಲೆ ಲೆಕ್ಕ ನಾನು ನೋಡ್ಕೋತೀನಿ," ಎಂದಳು, ಅಷ್ಟೆ. ಮುಂದಿನ ವಾರ ಅವಳ ತಮ್ಮ ಬಂದು ಕಂಪ್ಯೂಟರಿಗೆ ಸಾಫ್ಟ್‌ವೇರ್ ಹಾಕಿ, ಕೈಪಿಡಿಯನ್ನು ಅಕ್ಕನ ಕೈಗಿಟ್ಟು, "ಏನ್ ಭಾವ, ಪಟ್ಟದಿಂದ ಇಳ್ಸಿಬಿಟ್ಳಂತೆ ಅಕ್ಕ?" ಎಂದು ಹಲ್ಲು ಕಿಸಿದ. ಇವನೂ ನಕ್ಕು, "ಹೊರೆ ಇಳೀತು ಮಾರಾಯ, ಇನ್ನು ಕಾಲು ಚಾಚಿ ಮಲಗ್ತೀನಿ," ಎಂದ. ಮಲಗಿದ ನಿಜ. ನಿದ್ದೆ ಬರಲಿಲ್ಲ.

ಅದಕ್ಕಿಂತ ಹೆಚ್ಚಾಗಿ ಕಾಡಿದ್ದು ಎರಡನೆಯ ಪಾಠ. ಕೈಪಿಡಿಯ ಮನೆಯಲ್ಲಿ ಗಂಡನಿಗೊಂದು ಹೆಂಡತಿಗೊಂದು 'ಸ್ವಂತ ಖರ್ಚು' ಎಂಬ ತಲೆಬರಹ ಉಂಟು. ಆ ಸಾಲನ್ನು ಹೆಂಡತಿ ಗಟ್ಟಿಯಾಗಿ ಓದಿದ್ದಳು: 'ಇದರಡಿ ಬರುವ ಖರ್ಚಿಗೆ ಯಾರೂ ಯಾರಿಗೂ ಕಾರಣ ಹೇಳಬೇಕಾಗಿಲ್ಲ.' ಓದಿದವಳು ಮುಂದೆ ಹೋಗದೆ, ಆ ಪುಟದ ಮೇಲೆ ಅಂಗೈ ಇಟ್ಟುಕೊಂಡು ಕೂತೇ ಇದ್ದಳು. ಇವನು ಪೇಪರು ಮಡಚುತ್ತ, "ಕಾರಣಾನೇ ಬೇಡ ಅಂದ್ಮೇಲೆ ಲೆಕ್ಕ ಯಾಕೆ ಇಡೋದು?" ಎಂದಿದ್ದ. ಬಹಳ ಜಾಣ ಮಾತು ಆಡಿದೆನೆಂದು ಅವಳ ಮುಖ ನೋಡಿದರೆ ಅವಳು ಆಗಲೇ ಮುಂದಿನ ಪುಟದಲ್ಲಿದ್ದಳು. ಹಿಂದೊಮ್ಮೆ ಅವಳು ಕೊಡೆ ಕೊಂಡು ತಂದಿದ್ದಳು, ಕಡುನೀಲಿ ಬಣ್ಣದ್ದು, ಅಂಚಿಗೆ ಬಿಳಿ ಚುಕ್ಕಿ. ಹೊಸ್ತಿಲಲ್ಲೇ ಇವನು, "ಎಷ್ಟು?" ಎಂದಿದ್ದ. ಆಮೇಲೆ, "ಮನೇಲಿ ಒಂದಿದೆಯಲ್ಲ," ಎಂದಿದ್ದ. "ಅದು ನಿಮ್ದು," ಎಂದಿದ್ದಳು ಅವಳು. ಅಷ್ಟೇ ಮಾತು. ಮರುದಿನ ಕೊಡೆಯನ್ನು ಅಂಗಡಿಗೇ ಹಿಂದಿರುಗಿಸಿ, ಮಳೆಯಲ್ಲಿ ನೆನೆದುಕೊಂಡು ಬಂದು, ಚಿಲ್ಲರೆ ಸಮೇತ ದುಡ್ಡನ್ನು ಮೇಜಿನ ಮೇಲಿಟ್ಟಳು. ವಾಪಸ್ಸು ಕೊಡು ಅಂತ ನಾನು ಹೇಳಿದ್ದೆನೇ? ಈ ಪ್ರಶ್ನೆಯನ್ನು ಇವನು ತನ್ನೊಳಗೇ ಎಷ್ಟೋ ಸಲ ಕೇಳಿಕೊಂಡಿದ್ದಾನೆ, ಪ್ರತಿಸಲವೂ ಗೆದ್ದಿದ್ದಾನೆ. ಗೆದ್ದ ಸುಖ ಮಾತ್ರ ಒಂದು ಸಲವೂ ಸಿಕ್ಕಿಲ್ಲ. ಕೈಪಿಡಿಯ ಗಂಡ ಎಷ್ಟು ಎಂದು ಕೇಳುವವನಲ್ಲ. ಅವನ ಹೆಂಡತಿ ಕೊಡೆ ತಂದರೆ ಬಿಚ್ಚಿ ಇಬ್ಬರ ತಲೆಯ ಮೇಲೂ ಹಿಡಿದು ನೋಡುವಂಥ ಆಸಾಮಿ.

ಲ್ಯಾಬಿಗೆ ಹೊರಟ ಹೆಂಡತಿ ಬಾಗಿಲಲ್ಲಿ ನಿಂತು, "ಮಧ್ಯಾಹ್ನ ಬೇಗ ಬರ್ತೀನಿ. ನೀವೂ ತಡ ಮಾಡ್ಬೇಡಿ, ಒಂದು ಮಾತಿದೆ," ಎಂದಳು. ಏನು ಮಾತು ಎಂದು ಕೇಳುವಷ್ಟರಲ್ಲಿ ಮೆಟ್ಟಿಲಿಳಿದಾಗಿತ್ತು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತವನಿಗೆ ಆ ಒಂದು ಮಾತು ಊರೆಲ್ಲ ಸುತ್ತಿಸಿತು. ಅವಳು ಕೈತಪ್ಪಿ ಹೋಗುತ್ತಿದ್ದಾಳೆ ಎಂಬ ಭಯ ಇವನಿಗೆ ಹೊಸದಲ್ಲ. ಮದುವೆಯಾದ ದಿನದಿಂದ ಇತ್ತು, ಅದಕ್ಕೆ ಮುಖ ಮಾತ್ರ ಇರಲಿಲ್ಲ. ಲ್ಯಾಬಿನಲ್ಲಿ ಅವಳು ರಕ್ತ ತೆಗೆಯುವವಳು, ಕೈ ಹಗುರ ಎಂದು ಹೆಸರು. ಬಂದವರು ತೋಳು ಚಾಚುತ್ತಾರೆ, ಇವಳು ಏನೋ ಕೇಳುತ್ತಾಳೆ, ಅವರು ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಹತ್ತಿ ಒತ್ತಿ ಕಳಿಸಿರುತ್ತಾಳೆ. ಒಮ್ಮೆ ಇವನದೂ ತೆಗೆದಿದ್ದಳು. "ಆಯ್ತಾ? ಗೊತ್ತೇ ಆಗ್ಲಿಲ್ಲ," ಎಂದು ಬಾಯಿತುಂಬ ಹೊಗಳಿ, ಮನೆಗೆ ಬಂದ ಮೇಲೆ, ದಿನಕ್ಕೆ ಎಷ್ಟು ಜನರ ತೋಳು ಹಿಡಿಯುತ್ತಾಳೋ ಎಂದು ಮೈಯೆಲ್ಲ ಪರಚಿಕೊಳ್ಳುವ ಹಾಗಾಗಿತ್ತು. ಆದರೆ ತೋಳುಗಳು ಸಾವಿರ, ಯಾವುದನ್ನೆಂದು ದ್ವೇಷಿಸುವುದು? ಈ ಪುಸ್ತಕದವನು ಬಂದಮೇಲೆ ಆ ತೊಂದರೆ ತಪ್ಪಿತು. ಅವನಿಗೆ ಮುಖವಿತ್ತು, ಹೊದಿಕೆಯ ಮೇಲೆಯೇ. ಸೋಫಾದ ಬೆನ್ನಿನ ಮೇಲೆ ತೋಳು ಚಾಚಿ, ಹೆಂಡತಿಯನ್ನು ಮುಟ್ಟಿಯೂ ಮುಟ್ಟದ ಹಾಗೆ ಕೂತಿದ್ದಾನೆ. ಮೂಗಿನ ಮೇಲೆ ಕನ್ನಡಕ. ಕನ್ನಡಕದ ಅಂಗಡಿಯಲ್ಲಿ ಇಷ್ಟು ವರ್ಷ ಗಾಜು ಉಜ್ಜಿದವನ ಕಣ್ಣಿಗೆ ಅದು ಮೊದಲ ದಿನವೇ ಹೊಳೆದಿತ್ತು: ಆ ಗಾಜಿನ ಹಿಂದೆ ಕೆನ್ನೆಯ ಗೆರೆ ಒಂದು ಚೂರೂ ಕದಲಿಲ್ಲ. ಪವರಿದ್ದ ಗಾಜಾದರೆ ಆ ಗೆರೆ ಒಳಕ್ಕೋ ಹೊರಕ್ಕೋ ಜರುಗಿ ಕಾಣಬೇಕು. ಅಂದರೆ ಅದಕ್ಕೆ ಪವರೇ ಇಲ್ಲ, ಬರೀ ಷೋಕಿ. ಇದನ್ನು ಹೆಂಡತಿಗೆ ಹೇಳಬೇಕೆಂದು ಎಷ್ಟು ಸಲ ನಾಲಿಗೆಯ ತುದಿಗೆ ಬಂದಿದೆಯೋ. ಹೇಳಿದರೆ, ಪುಸ್ತಕದ ರಟ್ಟಿನ ಮೇಲಿನ ಚಿತ್ರವನ್ನು ಅಷ್ಟು ಹೊತ್ತು ನೋಡಿದ್ದು ಯಾಕೆಂದು ಅವಳು ಕೇಳಿಯಾಳು.

ಅಂಗಡಿಯ ಹಿಂಭಾಗದ ಕೋಣೆಯಲ್ಲಿ ಇವನ ಕೆಲಸ. ತಿರುಗುವ ಸಾಣೆಯ ಮೇಲೆ ನೀರು ತೊಟ್ಟಿಕ್ಕುತ್ತಿರುತ್ತದೆ, ಅದಕ್ಕೆ ಗಾಜನ್ನು ಒಡ್ಡಿ ಫ್ರೇಮಿನ ಆಕಾರಕ್ಕೆ ಇಳಿಸಬೇಕು. ಮೇಜಿನ ಕೆಳಗಿನ ಖಾನೆಯಲ್ಲಿ, ಮುರಿದ ಫ್ರೇಮುಗಳ ರಾಶಿಯ ಅಡಿಯಲ್ಲಿ, ಅದೇ ಕೈಪಿಡಿಯ ಇನ್ನೊಂದು ಪ್ರತಿ. ಹೌದು, ಕೊಂಡಿದ್ದ. ಕೊಡೆಯೊಂದಿರುವಾಗ ಇನ್ನೊಂದೇಕೆ ಎಂದವನು, ಮನೆಯಲ್ಲಿ ಒಂದಿರುವಾಗಲೇ ಅಷ್ಟು ದುಡ್ಡು ತೆತ್ತು ಇನ್ನೊಂದನ್ನು ಕೊಂಡು, ಕದ್ದ ಮಾಲಿನ ಹಾಗೆ ಬಚ್ಚಿಟ್ಟಿದ್ದ. ಕಂಪ್ಯೂಟರಿಲ್ಲ, ಮೌಸಿಲ್ಲ, 'ಈಗ ಎಡಗಡೆಯ ಗುಂಡಿ ಒತ್ತಿರಿ' ಎಂದಿದ್ದಲ್ಲಿ ಮೇಜಿನ ಮೇಲೆ ಬೆರಳು ಒತ್ತಿಕೊಂಡು ಓದುತ್ತಿದ್ದ. ಲೆಕ್ಕದಲ್ಲಿ ಇವನಿಗೆ ಆಸಕ್ತಿಯಿರಲಿಲ್ಲ. ಅವನೆಂಥವನು ಎಂದು ತಿಳಿಯಬೇಕಿತ್ತು. ಮೂರನೆಯ ಪಾಠದಲ್ಲಿ ಅವನ ಕೆನ್ನೆ ಊದಿ ಹಲ್ಲನ್ನು ಬೇರಿನವರೆಗೆ ಕೊರೆಸಿಕೊಂಡ ಎಂದು ಓದಿ ಆದ ಸಂತೋಷವಂತೂ ಹೇಳತೀರದು. ಆ ದಿನವೆಲ್ಲ ಶಿಳ್ಳೆ ಹಾಕುತ್ತ ಗಾಜು ಉಜ್ಜಿದ್ದ. ಐದನೆಯ ಪಾಠದಲ್ಲಿ ಮತ್ತೆ ಮೈಯುರಿ. ಮರುಕಳಿಸುವ ಖರ್ಚನ್ನು ಒಂದೇ ಸಲ ಬರೆದಿಡುವುದು ಹೇಗೆಂಬುದಕ್ಕೆ ಉದಾಹರಣೆ: ಗಂಡ ಪ್ರತಿ ತಿಂಗಳ ಮೊದಲ ಶನಿವಾರ ಹೆಂಡತಿಗೆ ಹಳದಿ ಹೂವು ತರುತ್ತಾನಂತೆ. ಆ ಪಾಠವನ್ನು ದಾಟಿ ಮುಂದೆ ಹೋಗಲು ಇವನಿಂದ ಆಗಿರಲಿಲ್ಲ. ಇವತ್ತು ಮೊದಲ ಶನಿವಾರ.

ಹೂವು ಒಯ್ದರೆ ಅವಳು ಏನೆಂದಾಳು ಎಂದು ಯೋಚಿಸುತ್ತಿರುವಾಗಲೇ ಪರದೆ ಸರಿಸಿ ಯಜಮಾನರು ಒಳಗೆ ಬಂದರು. ಅವರ ಹಿಂದೆ ಬೇಕರಿಯ ಹೆಂಗಸು, ಕೈಯಲ್ಲಿ ನಿನ್ನೆ ಇವನೇ ಮಾಡಿಕೊಟ್ಟ ಕನ್ನಡಕ. "ಯಾವ ಕಣ್ಣಲ್ಲಿ ನೋಡಿ ಮಾಡಿದೀಯಪ್ಪಾ ಇದನ್ನ? ನೆಲ ಎದ್ದೆದ್ದು ಬರುತ್ತೆ. ಇಲ್ಲದ ಮೆಟ್ಟಿಲು ಹತ್ತೋಕೆ ಹೋಗಿ ಬೆಣ್ಣೆ ಡಬ್ಬದೊಳಗೆ ಕಾಲಿಟ್ಟೆ ನಾನು!" ಎಂದಳು ಆಕೆ. ನೋಡಿದರೆ ಬಲಗಣ್ಣಿನ ಗಾಜು ಎಡಕ್ಕೆ, ಎಡಗಣ್ಣಿನದು ಬಲಕ್ಕೆ ಹೋಗಿ ಕೂತಿತ್ತು. ಹೊಸದಾಗಿ ಸೇರಿದವರೂ ಮಾಡದ ತಪ್ಪು. ಮುಖ ಹುಳ್ಳಗೆ ಮಾಡಿಕೊಂಡು, ಎರಡೂ ಗಾಜನ್ನು ಹೊಸದಾಗಿ ಉಜ್ಜಿಕೊಡುತ್ತೇನೆಂದು ಆಕೆಯನ್ನು ಮುಂದಿನ ಕೋಣೆಯಲ್ಲಿ ಕೂರಿಸಿದ. ಅಷ್ಟರಲ್ಲಿ ಯಜಮಾನರು ಸ್ಕ್ರೂ ಹುಡುಕಲು ಖಾನೆ ಎಳೆದಿದ್ದರು.

"ಇದೇನಯ್ಯಾ ಇದು? ಯಾವ್ದಾದ್ರೂ ಪರೀಕ್ಷೆ ಕಟ್ಟಿದೀಯಾ?"

"ಇಲ್ಲ, ಸುಮ್ನೆ... ಮನೆ ಲೆಕ್ಕಕ್ಕೆ."

"ಇದೇ ಪುಸ್ತಕ ನಿಮ್ಮನೇಲಿ ಇದೆಯಲ್ಲ? ಸಕ್ಕರೆ ಪರೀಕ್ಷೆಗೆ ಹೋದಾಗೆಲ್ಲ ನಿನ್ನ ಹೆಂಡ್ತಿ ಇದರ ಕತೇನೇ ಹೇಳ್ತಾಳೆ. ಯಾರೋ ನಕ್ಷೆ ಆಫೀಸಿನವನಂತೆ, ಭಲೇ ತಮಾಷೆ ಮನುಷ್ಯನಂತೆ. ಕೇಳ್ತಾ ಕೇಳ್ತಾ ಸೂಜಿ ಚುಚ್ಚಿದ್ದೇ ತಿಳಿಯಲ್ಲ."

"ಇದು ಇನ್ನೊಂದು," ಎಂದ ಇವನು.

"ಒಂದು ಮನೆಗೆ ಎರಡು ಲೆಕ್ಕಾನಾ?" ಯಜಮಾನರು ಕನ್ನಡಕವನ್ನು ಹಣೆಗೇರಿಸಿ ಇವನನ್ನು ನೋಡಿ, ಪುಸ್ತಕವನ್ನು ಫ್ರೇಮುಗಳ ಕೆಳಗೆ ಮೊದಲಿನ ಹಾಗೆಯೇ ಮುಚ್ಚಿಟ್ಟು ಹೋದರು. ಹಾಗೆ ಮುಚ್ಚಿಟ್ಟದ್ದೇ ಹೆಚ್ಚಿನ ಅವಮಾನವಾಯಿತು. ಊರಿನವರ ತೋಳೆಲ್ಲ ಹಿಡಿದು ಅವಳು ಅವನ ಕತೆ ಹೇಳುತ್ತಿದ್ದಾಳೆ, ತನ್ನ ಕತೆ ಯಾರಿಗಾದರೂ ಹೇಳಿದ್ದಾಳೆಯೇ? ಹೇಳುವುದಕ್ಕಾದರೂ ಏನಿದೆ, ಸೋಪು ಮೆತ್ತಿಕೊಂಡು ಎದುರುಮನೆಗೆ ಓಡಿದ್ದೊಂದನ್ನು ಬಿಟ್ಟರೆ? ಅದನ್ನೂ ಹೇಳಿರಬಹುದೆಂಬ ಸಂಶಯ ಸಾಣೆಯ ಮೇಲೆ ಬಾಗಿದವನ ಬೆನ್ನಿಗೆ ಅಂಟಿಕೊಂಡಿತು. ಬೇಕರಿಯವಳ ಗಾಜುಗಳನ್ನು ಮೂರು ಮೂರು ಸಲ ಪರೀಕ್ಷಿಸಿ ಕೂರಿಸಿದ. ಆಕೆ ಹಾಕಿಕೊಂಡು, ಕಾಲಿಂದ ನೆಲವನ್ನು ತಟ್ಟಿ ನೋಡಿ ಹೋದಳು.

ಬಸ್ ನಿಲ್ದಾಣದ ಪಕ್ಕದ ಹೂವಿನಂಗಡಿಯಲ್ಲಿ ಕೆಂಪು ಇತ್ತು, ಬಿಳಿ ಇತ್ತು, ಹಳದಿ ಒಂದು ಕಟ್ಟು ಮಾತ್ರ ಉಳಿದಿತ್ತು. ಬೆಲೆ ಕೇಳಿದ ಕೂಡಲೇ, ಅಭ್ಯಾಸಬಲ, "ಇಷ್ಟಕ್ಕಾ? ದಳ ಉದುರ್ತಾ ಇದೆಯಲ್ಲ," ಎಂದು ಚೌಕಾಸಿಗೆ ನಿಂತ. ಹೂವಿನವಳು ಸ್ವಲ್ಪ ಇಳಿಸಿದಳು. ಇಳಿಸಿದ್ದಕ್ಕೆ ಖುಷಿಯಾಗಿ, ಖುಷಿಯಾದದ್ದಕ್ಕೆ ನಾಚಿಕೆಯಾಗಿ, ಅವಳು ಮೊದಲು ಹೇಳಿದಷ್ಟನ್ನೇ ಕೊಟ್ಟ. ಅವಳು ಇವನಿಗೆ ಹುಚ್ಚೋ ಎಂಬಂತೆ ನೋಡಿದಳು. ಬಸ್ಸಿನಲ್ಲಿ ಕಟ್ಟನ್ನು ಎಲ್ಲಿ ಹಿಡಿಯುವುದೆಂದು ತಿಳಿಯದೆ ಮೊಣಕಾಲುಗಳ ನಡುವೆ ತಲೆಕೆಳಗಾಗಿ ಹಿಡಿದು ಕೂತ. ಎದುರಿನ ಸೀಟಿನ ಮುದುಕಿ ಹೂವನ್ನೂ ಇವನನ್ನೂ ನೋಡಿ ಮುಗುಳ್ನಕ್ಕಳು. ಅವಳ ಕಣ್ಣಿಗೆ ತಾನು ಹೆಂಡತಿಯನ್ನು ಪ್ರೀತಿಸುವ ಗಂಡನಂತೆ ಕಂಡೆನೆಂದು ಹೊಳೆದು, ಹಾಗೆ ಕಾಣುವುದು ಎಷ್ಟು ಸುಲಭವಾಗಿತ್ತೆಂದು ಇವನಿಗೆ ಆಶ್ಚರ್ಯವಾಯಿತು. ನಿಜವಾಗಿಯೂ ಪ್ರೀತಿಸುತ್ತೇನಲ್ಲ, ಎಂದುಕೊಂಡ. ಯಾವತ್ತು ಇಲ್ಲ ಎಂದಿದ್ದೇನೆ? ಅವಳಿಗೆ ಕಷ್ಟವಾಗಬಾರದೆಂದೇ ಅಲ್ಲವೇ ಅವಳ ಸಂಬಳ ಬಂದ ದಿನ ಅದನ್ನು ತಾನೇ ಈಸಿಕೊಂಡು, ಬಸ್ಸಿಗೆ, ತಿಂಡಿಗೆ ಎಂದು ಬೇಕಾದಾಗ ಬೇಕಾದಷ್ಟನ್ನು ಎಣಿಸಿ ಕೊಡುತ್ತಿದ್ದದ್ದು? ಕೊಡುವಾಗ ಅವಳು ಕೈ ಚಾಚುತ್ತಿದ್ದ ರೀತಿ ಕಣ್ಣಮುಂದೆ ಬಂತು. ಬೆರಳುಗಳನ್ನು ಪೂರ್ತಿ ಬಿಚ್ಚುತ್ತಿರಲಿಲ್ಲ. ಬಸ್ಸು ತಿರುವಿನಲ್ಲಿ ವಾಲಿತು, ಇವನು ಹೂವನ್ನು ನೆಟ್ಟಗೆ ಹಿಡಿದುಕೊಂಡ.

ಮನೆಯಲ್ಲಿ ಅವಳು ಆಗಲೇ ಬಂದು ಕಂಪ್ಯೂಟರಿನ ಮುಂದೆ ಎರಡು ಕುರ್ಚಿ ಹಾಕಿದ್ದಳು. ಇವನ ಕೈಯನ್ನು ನೋಡಿದಳು, ಗೋಡೆಯ ಕ್ಯಾಲೆಂಡರನ್ನು ನೋಡಿದಳು.

"ಓ, ಐದನೇ ಪಾಠಕ್ಕೆ ಬಂದ್ರಾ?"

ಇವನು ಇಂಗು ತಿಂದ ಮಂಗನಂತೆ ನಿಂತ. "ಯಾವ ಪಾಠ? ದಾರೀಲಿ ಕಾಣಿಸ್ತು, ತಂದೆ."

"ಹಳದೀನೇ ಕಾಣಿಸ್ತಾ?" ಎಂದಳು, ಆದರೆ ಚುಚ್ಚಲಿಲ್ಲ. ಹೂಜಿಗೆ ನೀರು ತುಂಬಿ ಹೂವನ್ನು ಇಟ್ಟು, ಉದುರಿದ ದಳಗಳನ್ನು ಅಂಗೈಗೆ ಬಳಿದುಕೊಂಡಳು. "ಚೆನ್ನಾಗಿದೆ. ನೀವು ಓದ್ತಿದೀರಿ ಅಂತ ಗೊತ್ತಾಗಿ ನಿಜವಾಗ್ಲೂ ಖುಷಿಯಾಯ್ತು ರೀ. ಹೇಗೆ ಶುರು ಮಾಡ್ಲಿ ಅಂತ ಯೋಚನೆ ಮಾಡ್ತಿದ್ದೆ. ಕೂತ್ಕೊಳ್ಳಿ, ಮುಂದಿನದ್ದನ್ನ ನಾನೇ ಹೇಳ್ಕೊಡ್ತೀನಿ."

ಪಕ್ಕದಲ್ಲಿ ಕೂತಳು. ಲ್ಯಾಬಿನ ಸ್ಪಿರಿಟ್ಟಿನ ವಾಸನೆ, ಮೊಣಕೈಗೆ ಮೊಣಕೈ. ಇಷ್ಟು ಹತ್ತಿರ ಇಬ್ಬರೂ ಒಂದೇ ಕಡೆ ನೋಡುತ್ತ ಕೂತು ಯಾವ ಕಾಲವಾಗಿತ್ತೋ. ರಟ್ಟಿನ ಮೇಲಿನ ಸೋಫಾದ ದಂಪತಿಗಳ ಹಾಗೆಯೇ ಇದ್ದೇವಲ್ಲ ಎಂದು ಹೊಳೆದು ಇವನ ಎದೆ ಹಗುರಾಯಿತು. ಕುರ್ಚಿಯ ಬೆನ್ನಿನ ಮೇಲೆ ತೋಳು ಚಾಚಿ ನೋಡಿದ, ಸರಿಹೋಗಲಿಲ್ಲ, ತೆಗೆದ. ಅವಳು ಅಭ್ಯಾಸದ ಫೈಲನ್ನು ತೆರೆದು ಮೌಸನ್ನು ಇವನ ಕೈಗೆ ಕೊಟ್ಟಳು. ಬಾಣದ ಗುರುತು ಎಲ್ಲೆಲ್ಲೋ ಓಡಿದಾಗ ತನ್ನ ಕೈಯನ್ನು ಇವನ ಕೈಯ ಮೇಲಿಟ್ಟು ಸರಿಯಾದ ಜಾಗಕ್ಕೆ ತಂದಳು. ಖರ್ಚನ್ನು ಬರೆಯುವುದು, ಬಿಲ್ಲು ಕಟ್ಟುವ ದಿನ ನೆನಪಿಸುವ ಹಾಗೆ ಮಾಡಿಡುವುದು, ಬ್ಯಾಂಕಿನ ಲೆಕ್ಕದೊಂದಿಗೆ ತಾಳೆ ನೋಡುವುದು, ಎಲ್ಲವನ್ನೂ ಹೇಳಿಕೊಟ್ಟಳು. ತಪ್ಪಿದರೆ ಬೇಸರಿಸಲಿಲ್ಲ. "ನೀರಿನ ಬಿಲ್ಲು ಇಲ್ಲಿ ಕೆಂಪಗೆ ಕಾಣಿಸುತ್ತೆ ನೋಡಿ. ಕೆಂಪಾದ ದಿನಾನೇ ಕಟ್ಟಿಬಿಡಿ." ಇವನು ಮಗುವಿನ ಹಾಗೆ ಹೂಂ ಹೂಂ ಎನ್ನುತ್ತಿದ್ದ. ಇಷ್ಟು ದಿನ ಆ ಮನೆಗೆ ಅವಳೊಬ್ಬಳೇ ಹೋಗುತ್ತಿದ್ದಳು, ಇವತ್ತು ತನ್ನನ್ನೂ ಕೈಹಿಡಿದು ಕರೆದುಕೊಂಡು ಬಂದಿದ್ದಾಳೆ. ಅಷ್ಟು ಸಾಕಿತ್ತು.

"ಇನ್ನು ಕೊನೇ ಪಾಠ," ಎಂದು ಅವಳು ಪುಟ ತಿರುವಿದಳು. "ಒಂದು ಮನೆ ಎರಡಾದಾಗ."

ಕೈಪಿಡಿಯ ಗಂಡನಿಗೆ ದೂರದ ಊರಿಗೆ ವರ್ಗವಾಗುತ್ತದೆ. ಅಲ್ಲೊಂದು ಬಾಡಿಗೆ ಕೋಣೆ ಹಿಡಿಯುತ್ತಾನೆ. ಅವನ ಲೆಕ್ಕವನ್ನು ಹೆಂಡತಿಯ ಲೆಕ್ಕದಿಂದ ಬಿಡಿಸಿ ಬೇರೆ ಮನೆಯಾಗಿ ಬರೆಯಬೇಕು. ಓದುತ್ತಿದ್ದಂತೆ ಇವನಿಗೆ ಕುರ್ಚಿಯಿಂದ ಎದ್ದು ಕುಣಿಯುವಷ್ಟಾಯಿತು. ಬೆರಳಿಗೆ ಎಲ್ಲಿಲ್ಲದ ಚುರುಕು ಬಂತು. ಅವನ ಸಂಬಳವನ್ನು ಎತ್ತಿ ಆಚೆ ಇಟ್ಟ. ಸೈಕಲನ್ನು ಆಚೆ ಇಟ್ಟ. ಹಲ್ಲಿನ ಡಾಕ್ಟರನ್ನು ಅವನ ಹಿಂದೆಯೇ ಓಡಿಸಿದ. "ಈ ಹೂವು ಏನು ಮಾಡೋದು?" ಎಂದು ಕೇಳಿದ.

"ನಿಲ್ಸಿಬಿಡಿ. ಅಲ್ಲಿಂದ ಹೇಗೆ ತರ್ತಾನೆ ಪಾಪ."

ನಿಲ್ಲಿಸಿದ. ಪರದೆಯ ಮೇಲೆ ಒಂದೇ ಒಂದು ಸಾಲು ಉಳಿಯಿತು, ಹೆಂಡತಿ. ಪೀಡೆ ತೊಲಗಿತು. ಇಷ್ಟು ತಿಂಗಳಿಂದ ಎದೆಯ ಮೇಲೆ ಕೂತಿದ್ದವನನ್ನು ತನ್ನ ಕೈಯಾರೆ ಗಂಟುಮೂಟೆ ಕಟ್ಟಿಸಿ ಹೊರಗೆ ಹಾಕಿದ್ದ, ಅದೂ ಅವಳ ಎದುರಿಗೇ, ಅವಳೇ ಹೇಳಿಕೊಟ್ಟ ಹಾಗೆ. ಗೆಲುವಿನಿಂದ ಅವಳ ಮುಖ ನೋಡಿದ. ಅವಳೂ ಇವನನ್ನೇ ನೋಡುತ್ತಿದ್ದಳು, ಒಳ್ಳೆಯ ಟೀಚರು ನೋಡುವ ಹಾಗೆ.

"ಚೆನ್ನಾಗಿ ಬಂತು. ಈಗ ಇದನ್ನ ಮುಚ್ಚಿ, ನಮ್ಮ ಫೈಲ್ ತೆಗೀರಿ. ಅದನ್ನೂ ನೀವೇ ಮಾಡಿ."

"ಏನನ್ನ?"

"ಇದನ್ನೇ."

ಇವನಿಗೆ ಅರ್ಥವಾಗಲಿಲ್ಲ. ಅರ್ಥವಾಗದ ಮುಖ ಮಾಡಿಕೊಂಡು ಇನ್ನೂ ಸ್ವಲ್ಪ ಹೊತ್ತು ಕೂತಿರಬಹುದೆಂದು ಆಸೆಪಟ್ಟ. ಅವಳು ಮೆಲ್ಲಗೆ ಹೇಳಿದಳು. ಲ್ಯಾಬಿನವರು ಬೇರೆ ಊರಲ್ಲಿ ಹೊಸ ಶಾಖೆ ತೆಗೆಯುತ್ತಿದ್ದಾರೆ. ಅಲ್ಲಿಗೆ ತನ್ನನ್ನು ಕಳಿಸಿ ಎಂದು ಅವಳೇ ಕೇಳಿಕೊಂಡಿದ್ದಾಳೆ. ಮನೆ ನೋಡಿಯಾಗಿದೆ. ಬರುವ ತಿಂಗಳಿಂದ.

"ಎಷ್ಟು ದಿನಕ್ಕೆ?"

"ದಿನ ಅಂತೇನಿಲ್ಲ."

"ಅಲ್ಲಿ ಯಾರಿದಾರೆ?" ಧ್ವನಿ ತನ್ನದಲ್ಲವೆನಿಸಿತು.

"ಯಾರೂ ಇಲ್ಲ ರೀ."

ಯಾರಾದರೂ ಇದ್ದಿದ್ದರೆ! ಒಬ್ಬ ಡಾಕ್ಟರೋ, ಒಬ್ಬ ಗುಮಾಸ್ತನೋ, ಕೊನೆಗೆ ಪವರಿಲ್ಲದ ಕನ್ನಡಕದವನೇ ಆದರೂ ಸರಿ, ಇದ್ದಿದ್ದರೆ ಏನು ಮಾಡಬೇಕೆಂದು ಇವನಿಗೆ ಗೊತ್ತಿರುತ್ತಿತ್ತು. ಇಲ್ಲವೇ ಇಲ್ಲದವನೊಂದಿಗೆ ಜಗಳ ಆಡುವುದು ಹೇಗೆ? ಇಷ್ಟು ದಿನ ಅವಳು ಆ ಪುಸ್ತಕದ ಮನೆಗೆ ಹೋಗುತ್ತಿದ್ದದ್ದು ಅವನಿಗಾಗಿ ಅಲ್ಲ, ಬಾಗಿಲು ಯಾವ ಕಡೆ ಇದೆಯೆಂದು ನೋಡಿಕೊಳ್ಳುವುದಕ್ಕೆ. ಮತ್ತು ಈ ಮಧ್ಯಾಹ್ನದ ಪಾಠ, ಕೈಯ ಮೇಲೆ ಕೈ, ಎಲ್ಲ ತಾನು ಒಬ್ಬನೇ ಆದಮೇಲೆ ನಲ್ಲಿ ನಿಂತುಹೋಗದಿರಲಿ ಎಂದು.

"ಸಂಬಳ ನಿಮ್ಮ ಕೈಗೆ ಕೊಟ್ಟು ಬಸ್ಸಿಗೆ ಕೇಳಿ ಈಸ್ಕೊಳ್ತಿದ್ದೆನಲ್ಲ," ಎಂದಳು ಅವಳು, "ನಿಮ್ಮ ಮನಸ್ಸಲ್ಲಿ ಕೆಟ್ಟದ್ದಿರಲಿಲ್ಲ, ಅದು ಗೊತ್ತು ನಂಗೆ. ಅದಕ್ಕೇ ಇಷ್ಟು ವರ್ಷ ಹಿಡೀತು."

ಹೇಳಿ ಕಾದಳು. ಈಗ ತಾನು ಏನಾದರೂ ಹೇಳಬೇಕು, ಹೇಳಲಿ ಎಂದೇ ಅವಳು ಸುಮ್ಮನಿದ್ದಾಳೆ ಎಂಬುದು ಇವನಿಗೂ ತಿಳಿಯಿತು. ಹೋಗಬೇಡ ಎನ್ನಬಹುದು. ನಾನೂ ಬರುತ್ತೇನೆ ಎನ್ನಬಹುದು. ನಿನ್ನ ನಗು ಕೇಳಿದರೆ ಕ್ಷೌರ ಮಾಡಿಕೊಳ್ಳುವವನ ಕೈ ನಿಲ್ಲುತ್ತದೆ ಎಂದಾದರೂ ಹೇಳಬಹುದು. ಅವಳ ಕಣ್ಣು ಇವನ ಬಾಯಿಯ ಮೇಲೆಯೇ ಇತ್ತು. ಇವನು ಬಾಯಿ ತೆರೆದ.

"ಬಾಡಿಗೆ ಎಷ್ಟು?"

ಅವಳು ಹೇಳಿದಳು.

"ಜಾಸ್ತಿ ಆಯ್ತಲ್ಲ," ಎಂದುಬಿಟ್ಟ.

ಅವಳ ಮುಖದಲ್ಲಿ ಕಾಯುತ್ತಿದ್ದದ್ದೇನೋ ಕಾಯುವುದನ್ನು ನಿಲ್ಲಿಸಿತು. "ಹೂಂ, ಜಾಸ್ತೀನೇ," ಎಂದಳು, ಸಿಟ್ಟಿಲ್ಲದೆ. "ನನ್ನ ಕಡೆಗೆ ಬರೀರಿ." ಎದ್ದು ಒಳಗೆ ಹೋದಳು. ಮಲಗುವ ಕೋಣೆಯಲ್ಲಿ ಅಟ್ಟದ ಮೇಲಿಂದ ಸೂಟ್‌ಕೇಸು ಎಳೆದ ಸದ್ದು, ಧೂಳಿಗೆ ಅವಳು ಸೀನಿದ ಸದ್ದು.

ಇವನು ಅಂಕಿಗಳನ್ನು ಒಂದೊಂದಾಗಿ ಒತ್ತಿ ಬರೆದ. ಬರೆದ ಮೇಲೆ ಕೈಗೆ ಕೆಲಸವಿಲ್ಲದೆ ಕೈಪಿಡಿಯ ಪುಟ ತಿರುವಿದ. ಕೊನೆಯದೆಂದು ಅವಳು ಹೇಳಿದ ಪಾಠದ ಹಿಂದೆ ಇನ್ನೊಂದು ಹಾಳೆ ಇತ್ತು. 'ಒಂದು ವರ್ಷದ ನಂತರ ಗಂಡ ಮರಳಿ ಬರುತ್ತಾನೆ. ಎರಡು ಮನೆಗಳನ್ನು ಮತ್ತೆ ಒಂದು ಮಾಡುವ ವಿಧಾನ ಹೀಗಿದೆ.' ಕೆಳಗೆ ಸಣ್ಣ ಚಿತ್ರ, ಬಾಗಿಲಲ್ಲಿ ಪೆಟ್ಟಿಗೆ ಹಿಡಿದು ನಿಂತ ಅವನು. ಬೆಳಗಿನಿಂದ, ಅಲ್ಲ, ಇಷ್ಟು ತಿಂಗಳಿಂದ ಪಟ್ಟ ಹೊಟ್ಟೆಕಿಚ್ಚೆಲ್ಲ ಆಟವೆಂಬ ಹಾಗೆ, ಈಗ ನಿಜವಾಗಿ ಹೊತ್ತಿಕೊಂಡಿತು. ಅವನು ವಾಪಸ್ಸು ಬರುತ್ತಾನೆ. ಅವನಿಗೆ ವಾಪಸ್ಸು ಬರುವುದಕ್ಕೂ ಒಂದು ಪುಟವಿದೆ. ಪುಸ್ತಕವನ್ನು ಎತ್ತಿಕೊಂಡು ಮಲಗುವ ಕೋಣೆಯ ಬಾಗಿಲವರೆಗೆ ನಡೆದ. ಅವಳು ನೆಲದ ಮೇಲೆ ಕೂತು ಬಟ್ಟೆ ಮಡಚುತ್ತಿದ್ದಳು.

"ಇವಳೇ, ಇಲ್ಲಿ ಇನ್ನೊಂದು ಪಾಠ ಇದೆ. ಇದನ್ನ ಹೇಳ್ಕೊಡ್ಲಿಲ್ಲವಲ್ಲ?"

ಅವಳು ತಲೆಯೆತ್ತಿ, ಇವನು ಬೆರಳಿಟ್ಟು ಹಿಡಿದಿದ್ದ ಪುಟವನ್ನು ನೋಡಿದಳು.

"ಅದನ್ನ ನಾನು ಓದ್ಲಿಲ್ಲ ರೀ," ಎಂದಳು.